ವಾರ್ಡಿನ ಬಾಗಿಲಲ್ಲಿ ಫಕ್ಕೀರವ್ವ

ವೃಂದಾ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಾಗ ಫಕ್ಕೀರವ್ವನ ಹಣೆಗೆ ವಿಭೂತಿ ಬಳಿಯುತ್ತಿದ್ದರು. ಪಡಸಾಲೆಯ ಗೋಡೆಗೆ ಆನಿಸಿ, ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಎದುರಿಗೆ ತಾಳ ಹಿಡಿದ ನಾಲ್ವರು ಭಜನೆ ಹೇಳುತ್ತಿದ್ದರು. ಚಿಕ್ಕೇರೂರಿನ ಆ ಸಣ್ಣ ಮನೆಯಲ್ಲಿ ಕಾಲೂರಲು ಜಾಗವಿರಲಿಲ್ಲ. ಬದುಕಿದ್ದಾಗ ಅವಳ ಬೆನ್ನ ಹಿಂದೆ ಮೂಗು ಮುರಿದವರೇ ಮುಂದೆ ಕೂತು ಜೋರಾಗಿ ಅಳುತ್ತಿದ್ದರು. ಸಾವಿನ ಮನೆಯ ರೀತಿಯೇ ಹಾಗೆ.

ಗಂಡ ಶಂಭುಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಂದಮೇಲೆ ಫಕ್ಕೀರವ್ವ ಮುತ್ತೈದೆಯಾಗಿಯೇ ಹೋಗಿದ್ದಳು. ಮಣ್ಣಿಗೆ ಒಯ್ಯುವ ಮುಂಚೆ ಅವಳಿಗೆ ಉಡಿ ತುಂಬಬೇಕು, ಮೊದಲು ತುಂಬಬೇಕಾದವಳು ಸೊಸೆ. ಸೊಸೆ ಅಂಕಿತಾ ಮಾತ್ರ ಹಿತ್ತಲು ಬಿಟ್ಟು ಬರುತ್ತಿರಲಿಲ್ಲ.

“ಮೂರು ಸಲ ಕರದೆ, ಬರವಲ್ಲಳು,” ಅಂದಳು ಪಕ್ಕದ ಮನೆಯ ಮಾಬೂಬಿ, ವೃಂದಾಳಿಗೆ ಸರಿದು ಜಾಗ ಕೊಡುತ್ತ. “ನೀವು ಯಾರ್ರಿ?”

“ದವಾಖಾನಿ ಸಿಸ್ಟರ್ ಇದ್ದೇನ್ರಿ. ಸವಣೂರಿಂದ ಬಂದೆ.”

“ಮಂಗಳವಾರಕ್ಕೊಮ್ಮೆ ಬಸ್ ಹತ್ತಿ ನಿಮ್ಮಲ್ಲಿಗೇ ಬರ್ತಿದ್ಳಲ್ರಿ ನಮ್ಮಕ್ಕ. ಮೊಮ್ಮಗನ್ನ ಕೊಂದಾಕಿ ಈಗ ಮಂದಿ ಮಕ್ಕಳನ್ನ ಕಾಯಾಕ ಹೊಂಟಾಳ ಅಂತಿದ್ಳು ಸೊಸಿ. ಹನ್ನೆರಡು ವರ್ಷ ಆತ್ರಿ, ಅತ್ತಿ ಕೈಲೆ ಒಂದು ತುತ್ತು ಉಂಡಿಲ್ಲ. ಮಗಳು ತನುಜಾನ್ನ ಅಕಿ ತೊಡಿ ಮ್ಯಾಲೆ ಕುಂದ್ರಾಕ ಬಿಟ್ಟಿಲ್ಲ.”

“ಯಾಕಂತ್ರಿ?”

“ಚೊಚ್ಚಲ ಕೂಸಿಗೆ ಬಜಿ ಬೇರು ತೇದು ನೆಕ್ಕಿಸಿದ್ಳಂತ. ಅದರಿಂದನ ಹೋತು ಅಂತಾರ.”

ಗೊತ್ತಿದ್ದೂ ಕೇಳಿದ್ದಕ್ಕೆ ವೃಂದಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

*

ಆಗೆಲ್ಲ ಮಕ್ಕಳ ವಾರ್ಡಿನ ಬಾಗಿಲು ಮನೆಯವರಿಗೆ ದಿನಕ್ಕೆ ಎರಡೇ ಸಲ, ಹತ್ತು ಹತ್ತು ನಿಮಿಷ ತೆರೆಯುತ್ತಿತ್ತು. ನಂಜು ತಗಲಬಾರದು ಎಂಬುದು ಒಂದು ಕಾರಣ. ಹಳ್ಳಿಯವರಿಗೆ ಏನು ತಿಳಿಯುತ್ತದೆ ಎಂಬ ಸೊಕ್ಕು ಇನ್ನೊಂದು. ಎರಡನೆಯದನ್ನು ಗೋಡೆಗೆ ಬರೆದು ಹಚ್ಚಿರಲಿಲ್ಲ, ಅಷ್ಟೆ.

ಹನ್ನೊಂದು ದಿನದ ಗಂಡುಕೂಸು. ಬಾಣಂತಿ ಅಂಕಿತಾ ಜ್ವರ ಬಂದು ಬೇರೆ ವಾರ್ಡಿನಲ್ಲಿ ಮಲಗಿದ್ದಳು. ಬಜೆ ನೆಕ್ಕಿಸಿದ್ದನ್ನು ಫಕ್ಕೀರವ್ವ ಮೊದಲ ದಿನವೇ ಒಪ್ಪಿಕೊಂಡು ಡಾಕ್ಟರರಿಂದ ಬೈಸಿಕೊಂಡಿದ್ದಳು. ಕೂಸು ಚೇತರಿಸಿಕೊಂಡೂ ಇತ್ತು. ಮೂರನೆಯ ದಿನ ಮಧ್ಯಾಹ್ನ, ಬಾಗಿಲಿನ ಗಾಜಿಗೆ ಮೂಗು ಹಚ್ಚಿ ನಿಂತಿದ್ದ ಅವಳು ವೃಂದಾಳನ್ನು ತಡೆದಳು.

“ಅಕ್ಕಾರ, ಕೂಸಿನ ಎದಿಗೂಡು ಒಳಗ ಜಗ್ಗಾಕತ್ತೈತಿ. ಮುಂಜಾನಿ ಹಂಗ ಇರಲಿಲ್ಲ. ಒಂದೀಟು ನೋಡ್ರಿ.”

“ನೋಡಲಿಕ್ಕೆ ನಾವಿದ್ದೇವಿ. ನೀವು ಮಾಡಿದ್ದು ಸಾಕು, ಹೊರಗ ಕೂಡ್ರಿ.”

ಅವಳು ಮತ್ತೆ ಬಂದಳು. ಮೂರನೆಯ ಸಲ ಬಂದಾಗ ವೃಂದಾ ಗಾಜಿಗೆ ಪರದೆ ಎಳೆದಳು. ತಾಸು ಬಿಟ್ಟು ಹಾಸಿಗೆಯ ಹತ್ತಿರ ಹೋದರೆ ಕೂಸು ನೀಲಿಗಟ್ಟಿತ್ತು.

ಬಜೆಯ ಮಾತು ಅಷ್ಟರಲ್ಲೇ ಊರು ಮುಟ್ಟಿತ್ತು. ಊರಿಗೆ ಒಂದು ಕಾರಣ ಸಿಕ್ಕರೆ ಇನ್ನೊಂದನ್ನು ಹುಡುಕುವ ಗೊಡವೆಗೆ ಹೋಗುವುದಿಲ್ಲ. ವೃಂದಾ ಬಾಯಿಗೆ ಬೀಗ ಹಾಕಿಕೊಂಡಳು.

ಮರುವರ್ಷ ಬಸುರಿ ಸೊಸೆಯನ್ನು ತಪಾಸಣೆಗೆ ಕಳಿಸಿ ಫಕ್ಕೀರವ್ವ ಒಬ್ಬಳೇ ವರಾಂಡದಲ್ಲಿ ಕೂತಿದ್ದಳು. ವೃಂದಾ ಹೋಗಿ ಕೈಮುಗಿದಳು. “ನಿಮ್ಮ ಸೊಸಿಗೆ ಎಲ್ಲಾ ಹೇಳಿಬಿಡ್ತೇನ್ರಿ.”

“ಬ್ಯಾಡ. ನನ್ನ ಮ್ಯಾಲೆ ಸಿಟ್ಟಿದ್ರ ನಡೀತೈತಿ. ದವಾಖಾನಿ ಮ್ಯಾಲಿನ ನಂಬಿಗಿ ಹೋದ್ರ ಈಕಿ ಮನ್ಯಾಗ ಹಡೀತಾಳ. ಇದೂ ಕೈ ಬಿಟ್ಟರ ಏನ್ ಮಾಡೂದು? ನೀವು ಆ ಪರದೆ ತಗೀರಿ, ಸಾಕು.”

ವೃಂದಾ ಪರದೆ ತೆಗೆಸಿದಳು. ಎರಡು ವರ್ಷ ಗುದ್ದಾಡಿ ಬಾಗಿಲನ್ನೂ ತೆರೆಸಿದಳು. ಅವ್ವಂದಿರು, ಅಜ್ಜಿಯರು ಹಾಸಿಗೆಯ ಪಕ್ಕದಲ್ಲೇ ಕೂತರು. ಡಾಕ್ಟರು ಬಂದಾಗ ಕೂಸು ಹೇಗಿದೆ ಎಂದು ಮೊದಲು ಅವರನ್ನೇ ಕೇಳುವುದು ರೂಢಿಯಾಯಿತು. ಮಂಗಳವಾರ ಮಂಗಳವಾರ ಫಕ್ಕೀರವ್ವ ಬಂದು ಹೊಸ ತಾಯಂದಿರಿಗೆ ಮಗುವಿನ ಉಸಿರು ಎಣಿಸಲು ಕಲಿಸುತ್ತಿದ್ದಳು. ಓದು ಬಾರದಿದ್ದರೂ ಅರವತ್ತರವರೆಗೆ ತಪ್ಪದೆ ಎಣಿಸುತ್ತಿದ್ದಳು. “ನಿಮಿಷಕ್ಕ ಅರವತ್ತು ದಾಟಿತಂದ್ರ ಒದರಿ ಕರೀರಿ. ಯಾರಿಗೂ ಅಂಜಬ್ಯಾಡ್ರಿ,” ಅನ್ನುತ್ತಿದ್ದಳು.

*

ಹಿತ್ತಲಲ್ಲಿ ಅಂಕಿತಾ ತುಂಬಿದ ಕೊಡಕ್ಕೇ ಮತ್ತೆ ನೀರು ಸುರಿಯುತ್ತಿದ್ದಳು.

“ಅಂಕಿತಾ, ನಿಮ್ಮ ಕೂಸು ಬಜಿಯಿಂದ ಹೋಗಲಿಲ್ಲ,” ಅಂದಳು ವೃಂದಾ.

ಅಂಕಿತಾ ತಂಬಿಗೆ ಕೆಳಗಿಟ್ಟಳು. ವೃಂದಾ ಹೇಳುತ್ತ ಹೋದಳು. ಅತ್ತೆ ಮೂರು ಸಲ ಬಂದದ್ದು, ತಾನು ಅಂದ ಮಾತು, ಎಳೆದ ಪರದೆ, ಒಂದನ್ನೂ ಮುಚ್ಚಿಡಲಿಲ್ಲ.

“ಅತ್ತಿಗೆ ಇದು ಗೊತ್ತಿತ್ತೇನು?”

“ಗೊತ್ತಿತ್ತು. ಹೇಳಬ್ಯಾಡ ಅಂದ್ರು. ನೀವು ತನುಜಾನ್ನ ಮನ್ಯಾಗ ಹಡೀತೀರಿ ಅಂತ ಅಂಜಿದ್ರು. ಆಮೇಲೆ ಇಷ್ಟು ವರ್ಷ ನಾ ಸುಮ್ಮನಿದ್ದದ್ದು ಮಾತ್ರ ನನ್ನ ನೌಕರಿ ಉಳಿಸಿಕೊಳ್ಳಲಿಕ್ಕೆ.”

ಅಂಕಿತಾಳ ಕಣ್ಣಲ್ಲಿ ನೀರು ಬರಲಿಲ್ಲ.

“ಅಕಿ ಬಡಿಸಿದ ಗಂಗಾಳ ಕಾಲಿಲೆ ಸರಿಸೇನ್ರಿ ನಾನು,” ಅಂದಳು. “ನೀವು ಹಿತ್ತಲದಾಗ ನನಗಷ್ಟ ಹೇಳಿದ್ರಿ, ನಿಮಗ ಹಗುರಾತು. ಅಕಿಗೆ ಏನಾತು?”

ಅಂಕಿತಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

“ಬರ್ರಿ,” ಎಂದು ಮುಂದೆ ನಡೆದಳು.

ಅವಳು ಪಡಸಾಲೆಗೆ ಬಂದದ್ದನ್ನು ನೋಡಿ ಹೆಂಗಸರು ದಾರಿ ಬಿಟ್ಟರು. ಕೈ ಎತ್ತಿದಳು, ತಾಳಗಳು ಒಂದೊಂದಾಗಿ ನಿಂತವು. ಕಟ್ಟೆಯ ಮೇಲಿದ್ದ ಶಂಭುಲಿಂಗಪ್ಪ ಎದ್ದು ಹೊಸ್ತಿಲಿಗೆ ಬಂದ. ನೆಟ್ಟಗೆ ನಿಲ್ಲಲೆಂದು ಕಟ್ಟಿದ್ದ ಬಟ್ಟೆ ಸಡಿಲಾಗಿ ಫಕ್ಕೀರವ್ವನ ತಲೆ ಒಂದು ಕಡೆ ವಾಲಿತ್ತು. ಅಂಕಿತಾ ಪಕ್ಕದಲ್ಲಿ ಒತ್ತಿ ಕೂತು, ಆ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಳು. ವಿಭೂತಿ ಅವಳ ಕೆನ್ನೆಗೆ ಹತ್ತಿತು.

“ಈಗ ಹೇಳ್ರಿ,” ಅಂದಳು. “ಗಟ್ಟಿಯಾಗಿ ಹೇಳ್ರಿ.”