ಕಲ್ಲುಹಾಲಿನ ಹೊಂಡ ದಾಟಬೇಡಿ

ಲಾಂಡ್ರಿ ಅಕ್ಕನ ಮನೆಯ ಹಿತ್ತಲಿಗೂ ಬಸ್ಸಿನ ರಸ್ತೆಗೂ ನಡುವೆ ಒಂದು ಬಯಲಿತ್ತು. ಹೆಸರಿಗೆ ಬಯಲು, ನಿಜವಾಗಿ ಹೊಂಡ. ಪಕ್ಕದ ಕಲ್ಲು ಪಾಲಿಶ್ ಕಾರ್ಖಾನೆಯವರು ಕಲ್ಲು ಕೊಯ್ದ ನೀರನ್ನು ಅಲ್ಲಿಗೆ ಬಿಡುತ್ತಿದ್ದರು. ನೀರಿನ ಜೊತೆ ಹಿಟ್ಟಿನಷ್ಟು ನುಣ್ಣನೆಯ ಕಲ್ಲುಪುಡಿ ಬರುತ್ತಿತ್ತು. ಓಣಿಯವರು ಅದನ್ನು ಕಲ್ಲುಹಾಲು ಎನ್ನುತ್ತಿದ್ದರು. ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದರ ಮೇಲೂ ಪದರ ಕಟ್ಟುತ್ತಿತ್ತು. ನೋಡಿದವರಿಗೆ ಸಿಮೆಂಟು ಬಳಿದ ಅಂಗಳವೇ. ಸುತ್ತು ಬಳಸಿ ಹೋಗಲು ಯಾರಿಗೆ ಪುರಸೊತ್ತು? ಎಲ್ಲರೂ ಅದರ ಮೇಲೇ ದಾಟುತ್ತಿದ್ದರು.

ಒಂದು ಮಧ್ಯಾಹ್ನ ಗಾಳಿಗೆ ತಂತಿಯ ಮೇಲಿನ ದುಪ್ಪಟಿಯೊಂದು ಹಾರಿ ಹೊಂಡದ ಮೇಲೆ ಬಿತ್ತು. ಗಿರಾಕಿಯ ದುಪ್ಪಟಿ. ಅಕ್ಕ ತರಲು ಹೋಗಿ ಅಂಚಿನಲ್ಲಿ ಒಂದು ಕಾಲಿಟ್ಟಳು. ನೆಲ ತಡೆದುಕೊಂಡಿತು. ಆದರೆ ಅಷ್ಟು ದೂರದಲ್ಲಿ ಬಿದ್ದಿದ್ದ ದುಪ್ಪಟಿ ಮೆಲ್ಲಗೆ ಮೇಲೆದ್ದು ಇಳಿಯಿತು. ಗಾಳಿ ಆಗಲೇ ನಿಂತುಹೋಗಿತ್ತು. ಅಕ್ಕ ಕಾಲು ಕದಲಿಸಿದಳು. ದುಪ್ಪಟಿ ಮತ್ತೆ ಎದ್ದಿತು, ಹೊದ್ದು ಮಲಗಿದವರು ಮಗ್ಗುಲು ಬದಲಿಸಿದ ಹಾಗೆ.

ಅವಳು ಹಿಂದೆ ಸರಿದಳು. ಉದ್ದನೆಯ ಬಿದಿರು ಗಳುವಿನಿಂದ ದುಪ್ಪಟಿ ಎಳೆದುಕೊಂಡು ತಿರುಗಿ ನೋಡಿದರೆ ತನ್ನ ಹೆಜ್ಜೆ ಗುರುತು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಊಟಕ್ಕೆ ಕೂತ ಗಂಡನಿಗೆ ಹೇಳಿದಳು. “ರೀ, ಆ ಹೊಂಡದ ಮೇಲೆ ಓಡಾಡ್ಬೇಡಿ. ನೆಲ ಅಲುಗಾಡುತ್ತೆ.”

ವ್ಯಾನ್ ಓಡಿಸುವ ಗಂಡ ನಕ್ಕ. “ನೆಲ ಅಲ್ಲ ಕಣೆ, ಇಸ್ತ್ರಿ ಬಿಸಿಗೆ ನಿನ್ನ ತಲೆ ಅಲುಗಾಡ್ತಿದೆ. ನಿನ್ನೆ ಅದ್ರ ಮೇಲೆ ಓಡ್ಕೊಂಡೇ ಬಂದೆ. ಚಪ್ಪಲಿ ಕೂಡ ನೆನೆದಿಲ್ಲ.”

ಅವನ ತಂಗಿ ಅಗ್ನಿಶಾಮಕ ಠಾಣೆಯಲ್ಲಿ ಕೆಲಸಕ್ಕಿದ್ದಳು. ಅವತ್ತು ರಜೆ ಇದ್ದುದರಿಂದ ಮನೆಗೆ ಬಂದಿದ್ದಳು.

“ನಿನ್ನೆ ಮೇಲಿನ ಕೆನೆ ಒಡೀಲಿಲ್ಲ ಅಣ್ಣಾ, ಅಷ್ಟೇ,” ಎಂದಳು. “ಸಾಸ್ ಬಾಟಲಿ ಬೋರಲು ಹಿಡಿದ್ರೆ ಒಂದು ತೊಟ್ಟೂ ಬೀಳಲ್ಲ. ಕುಲುಕಿದ್ರೆ ತಟ್ಟೆ ತುಂಬ ಸುರಿಯುತ್ತೆ. ಈ ಕಲ್ಲುಹಾಲೂ ಹಂಗೇ. ಸುಮ್ನೆ ಬಿಟ್ರೆ ನೆಲ, ತುಳಿದು ಕುಲುಕಿದ್ರೆ ನೀರು. ಕುಲುಕೋದು ನಿಲ್ಸಿದ್ರೆ ಮತ್ತೆ ಗಟ್ಟಿ. ಅಷ್ಟರಲ್ಲಿ ನಮ್ಮ ಕಾಲು ಒಳಗಿರುತ್ತೆ.”

“ಹೊಂಡಕ್ಕೇನು ಹಲ್ಲಿದೆಯಾ, ನನ್ನ ಹಿಡ್ಕೊಳ್ಳೋಕೆ?”

“ಹಲ್ಲಿಲ್ಲದ ಬಾಯೇ ಬಿಡೋದಿಲ್ಲ ಅಣ್ಣಾ.”

ಗಂಡ ಕೈ ತೊಳೆದುಕೊಂಡು ಕೆಲಸಕ್ಕೆ ಹೋದ. ಹೇಳಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತ್ತು.

ಹೊತ್ತು ಮುಳುಗುವಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ಹಿತ್ತಲ ಕಡೆಯಿಂದ ಯಾರೋ ತಗ್ಗಿದ ದನಿಯಲ್ಲಿ ಕರೆದ ಹಾಗಾಯಿತು. ಬಾಗಿಲು ತೆರೆದು ನೋಡಿದಳು. ಹೊಂಡದ ನಡುವೆ ಗಂಡ ನಿಂತಿದ್ದ. ಆದರೆ ಗಿಡ್ಡನಾಗಿದ್ದ. ತೊಡೆಯಿಂದ ಕೆಳಗೆ ಅವನು ಇರಲೇ ಇಲ್ಲ.

ದಾಟುತ್ತಿದ್ದಾಗ ಫೋನ್ ಬಂದಿತ್ತು. ನಿಂತು ಮಾತಾಡಿದ್ದ. ಮಾತಾಡುತ್ತ ಆ ಕಾಲಿನ ಮೇಲೊಮ್ಮೆ ಈ ಕಾಲಿನ ಮೇಲೊಮ್ಮೆ ಭಾರ ಹಾಕಿದ್ದ. ಕೆನೆ ಬಿರಿದದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ.

“ನೀನು ಬರ್ಬೇಡ,” ಎಂದ. “ಕೆಳಗಿಂದ ಯಾರೋ ಕಾಲು ಹಿಡ್ಕೊಂಡಿದ್ದಾರೆ.”

ಅವನ ದನಿಯಲ್ಲಿ ನಗುವಿರಲಿಲ್ಲ.

ನಾದಿನಿ ಬಂದು ನೋಡಿದವಳೇ ಠಾಣೆಗೆ ಫೋನ್ ಮಾಡಿದಳು. ಪಕ್ಕದ ಮನೆಯ ವೆಲ್ಡಿಂಗ್ ಅಣ್ಣ ಹಗ್ಗ ಹಿಡಿದು ಓಡಿಬಂದ. “ಸೊಂಟಕ್ಕೆ ಕಟ್ಟಿ ಒಂದೇ ಏಟಿಗೆ ಎಳೆದುಬಿಡೋಣ.”

“ಎಳೀಬೇಡಿ,” ಎಂದು ನಾದಿನಿ ತಡೆದಳು. “ಕೀಲು ತಪ್ಪುತ್ತೆ, ಕಾಲು ಬರಲ್ಲ. ನೀವು ಮೊದ್ಲು ಕಾರ್ಖಾನೆಗೆ ಓಡಿ. ಬಾಗಿಲು ಹಾಕೋ ಹೊತ್ತಿಗೆ ತೊಟ್ಟಿ ನೀರು ಬಿಡ್ತಾರೆ. ಇವತ್ತು ಬಿಡ್ಬೇಡಿ ಅಂತ ಹೇಳಿ.”

ಅಕ್ಕ ನಾದಿನಿಯ ತೋಳು ಹಿಡಿದುಕೊಂಡಳು. “ಅಷ್ಟರಲ್ಲಿ ಇವ್ರು ಮುಳುಗಿಬಿಟ್ರೆ?”

“ಮನುಷ್ಯನ ಮೈಗಿಂತ ಆ ಕೆಸರೇ ಭಾರ ಅತ್ತಿಗೆ. ತಲೆವರೆಗೂ ಮುಳುಗಿಸಲ್ಲ. ಆದ್ರೆ ಬಿಡೋದೂ ಇಲ್ಲ. ಮೇಲೆ ನೀರು ಬಂದ್ರೇನೇ ಕಷ್ಟ.”

ಇಸ್ತ್ರಿ ಮೇಜಿನ ಹಲಗೆಗಳನ್ನು ಕಿತ್ತು ಹೊಂಡದ ಮೇಲೆ ಹಾಸಿದರು. ನಾದಿನಿ ಅದರ ಮೇಲೆ ಬೋರಲು ಮಲಗಿ, ನೀರಿನ ಪೈಪು ಹಿಡಿದು ಇಂಚಿಂಚೇ ಮುಂದೆ ಸರಿದಳು. ಇಡೀ ಹೊಂಡ ಅವಳ ಕೆಳಗೆ ಸದ್ದಿಲ್ಲದೆ ತೂಗಿತು. ಗಂಡನಿಗೆ ಜೀವ ಬಾಯಿಗೆ ಬಂತು. ಕಾಲನ್ನು ಜಗ್ಗಿದ. ಜಗ್ಗಿದಷ್ಟೂ ಹಿಡಿತ ಬಿಗಿಯಾಯಿತು. ಸೊಂಟದವರೆಗೆ ಇಳಿದ.

ದಂಡೆಯಲ್ಲಿದ್ದ ಅಕ್ಕನಿಗೆ ದಿನವೂ ತನ್ನ ಕೈ ಮಾಡುವ ಕೆಲಸ ನೆನಪಾಯಿತು. ಬಟ್ಟೆಗೆ ಹಾಕುವ ಗಂಜಿ ಪುಡಿಯನ್ನು ಕಾಯಿಸುವ ಮೊದಲು ಅವಳು ತಣ್ಣೀರಲ್ಲಿ ಗಟ್ಟಿಯಾಗಿ ಕಲಸುತ್ತಿದ್ದಳು.

“ರೀ, ಇಲ್ಲಿ ಕೇಳಿ. ನನ್ನ ಗಂಜಿ ಬಕೆಟ್ಟಿಗೆ ಕೈ ಹಾಕಿ ಪಟ್ಟಂತ ಎಳೆದ್ರೆ ಕಲ್ಲಾಗಿ ಹಿಡ್ಕೊಳ್ಳುತ್ತೆ. ಮೆಲ್ಲಗೆ ತೆಗೆದ್ರೆ ಬಿಟ್ಕೊಡುತ್ತೆ. ನಿಮ್ಮ ಕಾಲನ್ನ ಹಂಗೇ ತೆಗೀರಿ. ಹಾಸಿಗೆ ಮೇಲೆ ಮಲಗಿದ ಹಾಗೆ ಹಿಂದಕ್ಕೆ ಒರಗಿ.”

“ಒರಗಿದ್ರೆ ನುಂಗುತ್ತೆ ಕಣೆ.”

“ಇಲ್ಲ. ನನ್ನ ಕಡೆ ನೋಡ್ತಾ ಒರಗಿ.”

ಅವನು ಹಲ್ಲುಕಚ್ಚಿ ಒರಗಿದ. ಬೆನ್ನ ಕೆಳಗಿನ ತಣ್ಣನೆಯ ಕೆಸರು ಅವನನ್ನು ಹೊತ್ತುಕೊಂಡಿತು. ನಾದಿನಿ ಕಾಲಿನ ಪಕ್ಕದಿಂದ ಪೈಪು ಇಳಿಸಿ, ಸುತ್ತ ಗಟ್ಟಿಯಾಗಿ ಕೂತ ಕಲ್ಲುಪುಡಿ ಸಡಿಲಾಗುವಷ್ಟೇ ನೀರು ಬಿಟ್ಟಳು. ಅವನು ಪಾದವನ್ನು ಸಣ್ಣಗೆ ಆಡಿಸಿದ. ಅವಸರಪಟ್ಟಾಗಲೆಲ್ಲ ಕೆಳಗಿನದಕ್ಕೆ ಅದು ತಿಳಿಯುತ್ತಿತ್ತು, ಬಿಗಿ ಹಿಡಿಯುತ್ತಿತ್ತು. ಮೆಲ್ಲಗೆ ಆಡಿಸಿದರೆ ಸಡಿಲಿಸುತ್ತಿತ್ತು. ಕತ್ತಲಾಗುವ ಹೊತ್ತಿಗೆ ಒಂದು ಕಾಲು ಮೇಲೆ ಬಂತು. ಅಷ್ಟರಲ್ಲಿ ಅಗ್ನಿಶಾಮಕದವರ ಗಾಡಿಯೂ ಬಂತು. ಅವರು ಅಗಲವಾದ ಏಣಿ ಹಾಸಿ, ಇನ್ನೊಂದು ಕಾಲನ್ನೂ ಹಾಗೆಯೇ ಬಿಡಿಸಿ, ಮಲಗಿಸಿಕೊಂಡೇ ದಂಡೆಗೆ ತಂದರು. ವೆಲ್ಡಿಂಗ್ ಅಣ್ಣ ಹೋಗಿ ಹೇಳಿದ್ದರಿಂದ ಕಾರ್ಖಾನೆಯವರು ನೀರು ಬಿಟ್ಟಿರಲಿಲ್ಲ.

ಅಕ್ಕ ಗಂಡನ ಕಾಲು ತೊಳೆದಳು. ಅವನು ಕತ್ತಲಲ್ಲಿ ಹೊಂಡದ ಕಡೆ ನೋಡಿದ. ಆಮೇಲೆ, “ನಾಳೆ ಬೇಲಿ ಹಾಕೋಣ,” ಎಂದ.

ಬೆಳಿಗ್ಗೆ ಓಣಿಯವರೆಲ್ಲ ಗೂಟ, ತಂತಿ ಹಿಡಿದು ಬಂದರು. ಹೊಂಡ ನುಣುಪಾಗಿ, ಸಪಾಟಾಗಿ ಮಲಗಿತ್ತು. ಹಲಗೆ ಹಾಸಿದ ಗುರುತಿಲ್ಲ, ಏಣಿಯ ಗೆರೆಯಿಲ್ಲ.

“ನಾನು ಸಿಕ್ಕಿಬಿದ್ದಿದ್ದು ಎಲ್ಲಿ?” ಎಂದು ಗಂಡ ಕೇಳಿದ.

ಇದೇ ಜಾಗ ಎಂದು ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯ ಹಿಂದೆಯೂ ಇಂಥ ಹೊಂಡ ಇರಬಹುದು. ಕಾರ್ಖಾನೆಯ ಕೆಸರಿರಬಹುದು, ಹೂಳು ತುಂಬಿದ ಕೆರೆಯಂಚಿರಬಹುದು. ಮೇಲಿನ ಕೆನೆ ನೋಡಿ ನೆಲವೆಂದು ನಂಬಬೇಡಿ, ಸುತ್ತು ಬಳಸಿಯೇ ಹೋಗಿ. ಸಿಕ್ಕಿಕೊಂಡರೆ ಜಗ್ಗಾಡಬೇಡಿ. ಹಿಂದಕ್ಕೆ ಒರಗಿ, ಕೈ ಚಾಚಿ, ಕಾಲನ್ನು ಮೆಲ್ಲಗೆ ಆಡಿಸುತ್ತ ಕೂಗಿ ಕರೆಯಿರಿ. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ನೀವು ಇಳಿಯಬೇಡಿ, ಹಗ್ಗ ಕಟ್ಟಿ ಎಳೆಯಬೇಡಿ. ಮೊದಲು ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ನೀರು ನುಗ್ಗುವ ದಾರಿಯಿದ್ದರೆ ಅದನ್ನು ನಿಲ್ಲಿಸಿ. ಅಂಥ ಹೊಂಡಕ್ಕೆ ಇವತ್ತೇ ಬೇಲಿ ಹಾಕಿಸಿ. ಅಲ್ಲಿ ಯಾರು ಇಳಿದಿದ್ದರು ಎಂಬುದನ್ನು ಆ ನೆಲ ನಿಮಗೆ ಹೇಳುವುದಿಲ್ಲ.