ನಾಲ್ಕನೆಯ ಪುಟದ ಸುಬ್ಬಿ

ಕೆಂಪು ಪೆನ್ನಿನ ಮುಚ್ಚಳ ತೆಗೆದು ಹೆಗಡೆಯವರು ನಾಲ್ಕನೆಯ ಪುಟದ ಮುಂದೆ ಕೂತು ಅರ್ಧ ತಾಸಾಗಿತ್ತು. ಮೊದಲ ಮೂರು ಪುಟಗಳಲ್ಲಿ ಹದಿನೇಳು ಗುರುತು ಬಿದ್ದಿದ್ದವು. ನಾಲ್ಕನೆಯದರಲ್ಲಿ ಒಂದೂ ಇಲ್ಲ.

ಸದನದಲ್ಲಿ ಯಾರು ಏನೇ ಮಾತಾಡಲಿ, ವರದಿಗಾರರು ಅದನ್ನು ಬರೆದುಕೊಂಡು, ಟೈಪು ಮಾಡಿ, ಮಾತಾಡಿದವರಿಗೇ ಕಳಿಸುತ್ತಾರೆ. ಕಾಗುಣಿತ ತಿದ್ದಬಹುದು, ಅಂಕಿ ಸರಿಮಾಡಬಹುದು. ಮಾತಿನ ಸಾರವನ್ನು ಮುಟ್ಟುವಂತಿಲ್ಲ. ಗಡುವಿನೊಳಗೆ ವಾಪಸು ಹೋಗದಿದ್ದರೆ ಇದ್ದದ್ದೇ ಖಾಯಂ. ಈ ಕರಡಿನ ಗಡುವು ನಾಳೆ ಹತ್ತು ಗಂಟೆ.

ದೇವರು ಹೆಗಡೆ ಎಂಬ ಹೆಸರು ಸಿದ್ದಾಪುರದ ಕಡೆ ಯಾರಿಗೂ ವಿಶೇಷವಲ್ಲ. ಬೆಂಗಳೂರಿನಲ್ಲಿ ಮಾತ್ರ, ಮೊದಲ ದಿನ ಆ ಹೆಸರು ಕರೆಯುವ ಮುನ್ನ ಸಭಾಪತಿಗಳು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಆಮೇಲಿನ ಹನ್ನೊಂದು ವರ್ಷ ವಿಧಾನ ಪರಿಷತ್ತಿನಲ್ಲಿ ಹೆಗಡೆಯವರು ಡಯಾಲಿಸಿಸ್ ಯಂತ್ರ, ಹಾವಿನ ವಿಷಕ್ಕೆ ಚುಚ್ಚುಮದ್ದು, ಮಂಗನ ಕಾಯಿಲೆ, ಆಂಬುಲೆನ್ಸಿನ ಟಯರು ಎಂದು ಮುನ್ನೂರಕ್ಕೂ ಹೆಚ್ಚು ಪ್ರಶ್ನೆ ಕೇಳಿದ್ದರು. ಉತ್ತರ ಓದುವ ಮಂತ್ರಿಯೂ ತಲೆ ಎತ್ತಿರಲಿಲ್ಲ. ಕಳೆದ ವಾರ, ಗುಣವಾಗದ ಕಾಯಿಲೆಯವರು ತಾವಾಗಿ ಬೇಡಿಕೊಂಡರೆ ವೈದ್ಯರು ಅವರ ಮರಣಕ್ಕೆ ನೆರವಾಗುವ ಕಾನೂನನ್ನು ಪರಿಶೀಲಿಸಬೇಕು ಎಂಬ ಖಾಸಗಿ ನಿರ್ಣಯ ಮಂಡಿಸಿದಾಗಲೂ ಮೊದಲ ಇಪ್ಪತ್ತು ನಿಮಿಷ ಸದನ ಆಕಳಿಸುತ್ತಲೇ ಇತ್ತು. ಆಗ ಅವರ ಬಾಯಿಂದ ಸುಬ್ಬಿ ಬಂದಳು.

ನಾಲ್ಕನೆಯ ಪುಟದಲ್ಲಿ ಅವಳು ಹೀಗಿದ್ದಳು: "ನನ್ನ ತಾಲ್ಲೂಕಿನ ಹೆಗ್ಗರಣೆಯ ಸುಬ್ಬಿ ಎಂಬ ತಾಯಿ, ಕ್ಯಾನ್ಸರಿನ ನೋವಿನಲ್ಲಿ ನನ್ನ ಕೈ ಹಿಡಿದು ಹೇಳಿದಳು: ನಂಗೆ ಮದ್ದು ಬೇಡ, ಮಾನವಾಗಿ ಕಳಿಸಿಕೊಡಿ." ಕೆಳಗೆ ವರದಿಗಾರರು ಕಂಸದಲ್ಲಿ 'ಮೇಜು ಕುಟ್ಟಿದ ಸದ್ದು' ಎಂದು ನಮೂದಿಸಿದ್ದರು. ಎರಡೂ ಪಕ್ಷದವರು ಕುಟ್ಟಿದ್ದರು. ಮರುದಿನದ ಪತ್ರಿಕೆಗಳು ಹೆಗಡೆಯವರ ಫೋಟೋ ಹಾಕಿದವು. ಸುಬ್ಬಿಯ ಫೋಟೋ ಯಾರ ಬಳಿಯೂ ಇರಲಿಲ್ಲ. ನಿರ್ಣಯವನ್ನು ಸಮಿತಿಗೆ ಒಪ್ಪಿಸುವುದು, ಹೆಗಡೆಯವರೇ ಅಧ್ಯಕ್ಷರಾಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು.

"ಹೆಗ್ಗರಣೆಯಿಂದ ಕೆರಿಯಪ್ಪ ಬೈಂದ," ಎಂದಳು ಹೆಂಡತಿ ನೀಲಾ, ಬಾಗಿಲಲ್ಲಿ ನಿಂತು. "ಸುಬ್ಬಿಯ ಮಗ." ಗೊತ್ತಿರುವುದನ್ನೇ ಅವಳು ಬಿಡಿಸಿ ಹೇಳಿದ್ದು ಹೆಗಡೆಯವರಿಗೆ ಹಿಡಿಸಲಿಲ್ಲ.

ಕೆರಿಯಪ್ಪ ಐವತ್ತರ ಆಳು. ಎರಡೆಕರೆ ಕಬ್ಬು, ನಾಲ್ಕೆಕರೆ ಗದ್ದೆಯ ಧಣಿ. ಸಿರ್ಸಿಗೆ ಬರುವುದಕ್ಕೆಂದು ಇಸ್ತ್ರಿ ಅಂಗಿ ಹಾಕಿದ್ದ. ಡಬ್ಬಿಯೊಂದನ್ನು ಮೇಜಿನ ಮೇಲೆ, ಕರಡಿನ ಪಕ್ಕದಲ್ಲೇ ಇಟ್ಟ. ಈ ವರ್ಷದ ಆಲೆಮನೆಯ ಮೊದಲ ಕೊಪ್ಪರಿಗೆಯ ಜೋನಿ ಬೆಲ್ಲ, ಜೇನಿನಂತೆ ಹರಿಯುವಂಥದ್ದು. ಕುರ್ಚಿಯ ತುದಿಯಲ್ಲಿ ಕೂತು ರಸ್ತೆ, ಬಸ್ಸು, ಕಬ್ಬು ತಿಂದ ಹಂದಿ, ಎಲ್ಲದರ ಬಗ್ಗೆ ಮಾತಾಡಿದ. ಹಂದಿಗಳಿಗೂ ಒಂದು ನಿರ್ಣಯ ಮಂಡಿಸಿ, ಅವು ಬೇಡಿಕೊಳ್ಳದಿದ್ದರೂ ಅಡ್ಡಿಯಿಲ್ಲ ಎಂದ. ಹೆಗಡೆಯವರು ನಕ್ಕರು. ನಗು ಮುಗಿದ ಮೇಲೆ ಕೆರಿಯಪ್ಪ ಬಂದ ಕೆಲಸಕ್ಕೆ ಬಂದ.

"ಮಗಳು ಭೂಮಿಕಾ ಪೇಪರ್ ಓದಿ ಹೇಳಿದ್ಲು ಹೆಗ್ಡೇರೆ. ಅವ್ವ ನಿಮ್ಮತ್ರ ಹಂಗಂದಿದ್ದು. ನಾ ಆಗ ಕೊಟ್ಟಿಗೇಲಿದ್ದೆ."

"ಹೂಂ," ಎಂದರು ಹೆಗಡೆಯವರು.

"ಮಾತ್ರೆ ಎಂತಕ್ಕೆ ಬರ್ಲಿಲ್ಲ ಅಂತ ಈಗ ತಿಳೀತು."

ಹುಬ್ಬಳ್ಳಿಯ ದೊಡ್ಡ ಡಾಕ್ಟರು ಸುಬ್ಬಿಗೆ ನೋವಿನ ಮಾತ್ರೆ ಬರೆದುಕೊಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಚೀಟಿ ತೋರಿಸಿದರಷ್ಟೇ ಸಿಗುವ ಮಾತ್ರೆ. ಕೆರಿಯಪ್ಪನೇ ಬಸ್ಸು ಹತ್ತಿ ಹೋಗಿ ತರುತ್ತಿದ್ದ. ಡಿಸೆಂಬರಿನಲ್ಲಿ ಹೆಗಡೆಯವರು ಜನಸಂಪರ್ಕಕ್ಕೆಂದು ಹೆಗ್ಗರಣೆಗೆ ಹೋದಾಗ ಕೊಯ್ಲಿನ ಗಡಿಬಿಡಿ. ಗುರುವಾರ ತಾನು ಹುಬ್ಬಳ್ಳಿಗೆ ಹೋಗುವವನೇ, ಕಾರಿದೆ, ತಂದು ಮುಟ್ಟಿಸುತ್ತೇನೆ ಎಂದು ಅವರೇ ಚೀಟಿ ಇಸಿದುಕೊಂಡಿದ್ದರು. ಅಂಥ ಮಾತನ್ನು ಅವರು ದಿನಕ್ಕೆ ಹತ್ತು ಕಡೆ ಹೇಳುತ್ತಾರೆ. ಏಳು ಕಡೆ ನಡೆಸಿಯೂ ಕೊಡುತ್ತಾರೆ. ಗುರುವಾರ ಹುಬ್ಬಳ್ಳಿಯಲ್ಲಿ ಆರೋಗ್ಯ ನೀತಿಯ ಮೇಲೆ ವಿಚಾರ ಸಂಕಿರಣವಿತ್ತು. ನೋವು ಶಮನದ ಸೌಲಭ್ಯ ತಾಲ್ಲೂಕು ಮಟ್ಟದಲ್ಲಿ ಇರಬೇಕೆಂದು ಹೆಗಡೆಯವರು ಅಲ್ಲಿ ನಲವತ್ತು ನಿಮಿಷ ಮಾತಾಡಿ, ಶಾಲು ಹೊದೆಸಿಕೊಂಡು, ಯಲ್ಲಾಪುರದ ಮೇಲೆ ಮನೆಗೆ ಬಂದರು. ಚೀಟಿ ಕೋಟಿನ ಒಳಕಿಸೆಯಲ್ಲಿ ಹೋಗಿ ಒಳಕಿಸೆಯಲ್ಲೇ ಬಂತು. ಹನ್ನೆರಡನೆಯ ದಿನ ಸುಬ್ಬಿ ತೀರಿಕೊಂಡಳು. ಒಗೆಯಲು ಹಾಕುವಾಗ ನೀಲಾಳ ಕೈಗೆ ಚೀಟಿ ಸಿಕ್ಕಿತು. ಅವಳು ಅದನ್ನು ದೇವರ ಗೂಡಿನ ಪಕ್ಕ, ವಿದ್ಯುತ್ ಬಿಲ್ಲು ಸಿಕ್ಕಿಸುವ ಮೊಳೆಗೆ ಸಿಕ್ಕಿಸಿದ್ದಳು. ಎರಡು ತಿಂಗಳಿಂದ ಹೆಗಡೆಯವರು ದಿನಾ ಅದರ ಮುಂದೆ ಕೈ ಮುಗಿಯುತ್ತಿದ್ದರು.

ಮಾತ್ರೆ ಮುಗಿದ ಮೇಲಿನ ದಿನಗಳನ್ನು ಕೆರಿಯಪ್ಪ ಒಂದೊಂದಾಗಿ ಹೇಳಿದ. ದೊಡ್ಡವರಿಗೆ ಫೋನು ಮಾಡಿ ನೆನಪಿಸುವುದು ಸರಿಯಲ್ಲವೆಂದು ಸುಮ್ಮನಿದ್ದನಂತೆ. ತಾನೇ ಹೋಗೋಣವೆಂದರೆ ಚೀಟಿ ಇಲ್ಲ. ಸುಬ್ಬಿ ಮಾತ್ರ ತಿರುವಿನಲ್ಲಿ ಗಾಡಿಯ ಸದ್ದಾದಾಗಲೆಲ್ಲ ಕಣ್ಣು ಬಿಡುತ್ತಿದ್ದಳು.

"ಮಾತ್ರೆಗೆ ಕಾಯ್ತಾಳೆ ಅಂದ್ಕಂಡಿದ್ದೆ. ಅದಲ್ಲ. ತರೋದು ಬ್ಯಾಡ ಅಂತ ನಿಮ್ಮತ್ರ ಮೊದ್ಲೇ ಹೇಳಿಬಿಟ್ಟಿದ್ಲು." ಅವನು ತನ್ನ ಅಂಗೈ ನೋಡಿಕೊಂಡ. "ಒಂದೇ ಕೇಳ್ಬೇಕಿತ್ತು. ನನ್ ಮೇಲೆ ಬೇಜಾರಂದ್ಲ? ಎತ್ತಿ ಕೂರ್ಸುವಾಗ ಒಂದೆರಡ್ಸಲ ಗದರಿದ್ದೆ. ಹೆಂಡ್ತಿ ಅದನ್ನೇ ಹೇಳ್ತಾಳೆ. ಮಗನ ಹತ್ರ ಹೇಳದ ಮಾತು ಊರ ಹೆಗ್ಡೇರ ಹತ್ರ ಎಂತಕ್ಕೆ ಹೇಳ್ತಾಳೆ, ನೀನು ಬದುಕೋ ಹಂಗೆ ನೋಡ್ಕಣ್ಲಿಲ್ಲ ಅಂತ."

ಹೆಗಡೆಯವರ ಬಾಯಿಗೆ ಒಂದು ಒಳ್ಳೆಯ ವಾಕ್ಯ ತಾನಾಗಿ ಬಂದು ನಿಂತಿತು. ನಿನ್ನ ಮೇಲೆ ಅವಳಿಗೆ ಪ್ರಾಣವಿತ್ತು, ನಿನಗೆ ನೋವಾಗಬಾರದೆಂದೇ ನನಗೆ ಹೇಳಿದಳು. ಮೇಜು ಕುಟ್ಟಿಸಿಕೊಳ್ಳುವಂಥ ವಾಕ್ಯ. ಅದನ್ನು ಹೇಳಿದ್ದರೆ ಕೆರಿಯಪ್ಪ ಅಳುತ್ತಿದ್ದ, ಸಮಾಧಾನದಿಂದ ಊರಿಗೆ ಹೋಗುತ್ತಿದ್ದ. ಪುಟ ನಾಲ್ಕು ಹಾಗೇ ಉಳಿಯುತ್ತಿತ್ತು. ಒಳಗೆ ನೀಲಾ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತ್ತು.

ಅವರು ಎದ್ದು ದೇವರ ಗೂಡಿನವರೆಗೆ ಹೋಗಿ, ಮೊಳೆಯಿಂದ ಚೀಟಿ ತೆಗೆದು ತಂದು ಮೇಜಿನ ಮೇಲಿಟ್ಟರು.

"ಅವಳು ಹಂಗೆ ಹೇಳಿದ್ದಿಲ್ಲೆ ಕೆರಿಯಪ್ಪ. ಆನು ಮರೆತೆ." ಮನೆಮಾತು ಬಂದುಬಿಟ್ಟಿದ್ದು ಅವರ ಗಮನಕ್ಕೆ ಬರಲಿಲ್ಲ. "ಕಿಸೆಯಲ್ಲೇ ಇತ್ತು. ಸದನದಲ್ಲಿ ಹೇಳಿದ್ದು ನಾನು ಕಟ್ಟಿದ್ದು."

ಕೆರಿಯಪ್ಪ ಚೀಟಿಯನ್ನು ಮುಟ್ಟದೆ ನೋಡಿದ. ಡಾಕ್ಟರ ಅಕ್ಷರ ಅವನಿಗೆ ಗುರುತಿತ್ತು.

"ಹಂಗಾರೆ ಅವ್ವ ಸಾಯ್ತೆ ಅಂದಿಲ್ಲ."

"ಅಂದಿಲ್ಲ."

"ಎಂತ ಅಂದ್ಲು?"

"ಈ ವರ್ಷದ ಜೋನಿ ಬೆಲ್ಲ ತಿಂದೇ ಹೋಗೋದು ಅಂದಳು. ಅಲ್ಲೀವರೆಗೆ ನೋವು ತಡೀಲಿ ಸಾಕು ಅಂತ."

ಬೈಗುಳಕ್ಕೆ ಹೆಗಡೆಯವರು ತಯಾರಾಗಿದ್ದರು. ಹನ್ನೊಂದು ವರ್ಷದ ಅಭ್ಯಾಸವಿತ್ತು. ಆದರೆ ಕೆರಿಯಪ್ಪನ ಭುಜ ಇಳಿಯಿತು. ಕುರ್ಚಿಯ ತುದಿಯಲ್ಲಿದ್ದವನು ಮೊದಲ ಸಲ ಹಿಂದಕ್ಕೆ ಒರಗಿದ. ಅವನ ಮುಖದಲ್ಲಿ ಬಂದದ್ದು ನೆಮ್ಮದಿ ಎಂದು ಗೊತ್ತಾದಾಗ ಹೆಗಡೆಯವರಿಗೆ ಅದನ್ನು ನೋಡಲಾಗಲಿಲ್ಲ.

"ಗಾಡಿ ಸದ್ದಿಗೆ ಕಣ್ಣು ಬಿಡ್ತಿದ್ದದ್ದು ನಿಮ್ಮ ಕಾರಿಗೆ," ಎಂದ ಕೆರಿಯಪ್ಪ, ದನಿ ಏರಿಸದೆ. ಆಮೇಲೆ ಮೇಜಿನ ಮೇಲಿದ್ದ ಕರಡು ತೋರಿಸಿದ. "ಆ ಮಾತು ಇದ್ರಲ್ಲಿದೆಯ?"

"ಇದೆ."

"ತಿದ್ದಿ."

ಇಲ್ಲಿ ಸಾರವನ್ನು ತಿದ್ದುವಂತಿಲ್ಲ ಎಂದು ಹೆಗಡೆಯವರು ನಿಯಮ ವಿವರಿಸಿದರು. ಕೆರಿಯಪ್ಪ ಪೂರ್ತಿ ಕೇಳಿಸಿಕೊಂಡ. ಹಾಗಾದರೆ ಸುಳ್ಳು ಬಿದ್ದರೆ ತೆಗೆಯುವ ದಾರಿಯೇ ಇಲ್ಲವೇ ಎಂದು ಕೇಳಿದ. ಇತ್ತು. ಸೋಮವಾರ ಸಭಾಪತಿಗಳ ಅನುಮತಿ ಪಡೆದು, ಎದ್ದು ನಿಂತು, ಎಲ್ಲರೆದುರು ಹೇಳಬೇಕು. ಹೇಳಿದರೆ ಸಮಿತಿ ಇಲ್ಲ. ನಿರ್ಣಯವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ನಿಜಕ್ಕೂ ಸಾವನ್ನೇ ಬೇಡಿಕೊಂಡು ಮಲಗಿದವರು ಎಲ್ಲೆಲ್ಲೋ ಇದ್ದಾರೆ, ಅವರ ಕತೆಯೂ ಇದರ ಜೊತೆ ಹೋಗುತ್ತದೆ ಎಂದರು ಹೆಗಡೆಯವರು. ಅದು ಸುಳ್ಳಾಗಿರಲಿಲ್ಲ. ಆದರೂ ಹೇಳುವಾಗ ಅವರು ಕೆರಿಯಪ್ಪನ ಬದಲು ಚೀಟಿಯನ್ನು ನೋಡುತ್ತಿದ್ದರು.

"ಅವ್ರಿಗೆಲ್ಲ ನಾ ಎಂತ ಹೇಳ್ಲಿ," ಎಂದ ಕೆರಿಯಪ್ಪ. "ನಂಗೆ ನಮ್ಮವ್ವ ಬೇಕು. ನೀವು ಬರೀರಿ. ನಾ ಕಾಯ್ತೆ. ಕಡೇ ಬಸ್ಸು ನಾಲ್ಕೂವರೆಗೆ."

ಗಡಿಯಾರದಲ್ಲಿ ನಾಲ್ಕು ಹತ್ತು. ಹೆಗಡೆಯವರು ಕೆಂಪು ಪೆನ್ನು ಮುಚ್ಚಿ, ಕಪ್ಪು ಪೆನ್ನು ಹುಡುಕಿ, ಬಿಳಿ ಹಾಳೆಯೊಂದನ್ನು ಎಳೆದುಕೊಂಡರು. 'ಮಾನ್ಯ ಸಭಾಪತಿಗಳೇ' ಎಂದು ಬರೆದರು. ಅಲ್ಲಿಯವರೆಗೆ ಅವರಿಗೆ ಯಾವತ್ತೂ ಕಷ್ಟವಾದದ್ದಿಲ್ಲ. ಡಬ್ಬಿಯ ಮುಚ್ಚಳದ ಸಂದಿಯಿಂದ ಒಂದೆಳೆ ಬೆಲ್ಲ ಇಳಿದಿತ್ತು. ಇರುವೆಯೊಂದು ಚೀಟಿಯ ಮೇಲೆ ಹಾದು ಅದರತ್ತ ಹೊರಟಿತ್ತು.

ಕೆಳಗಿನ ರಸ್ತೆಯಲ್ಲಿ ಹೆಗ್ಗರಣೆಯ ಬಸ್ಸು ಎರಡು ಸಲ ಹಾರನ್ ಹಾಕಿ, ತಿರುವು ತೆಗೆದುಕೊಂಡು ಹೋಯಿತು. ಕೆರಿಯಪ್ಪ ತಲೆ ತಿರುಗಿಸಲಿಲ್ಲ. ಅವನ ಕಣ್ಣು ಪೆನ್ನಿನ ತುದಿಯಲ್ಲೇ ಇತ್ತು.

ಒಳಗೆ ನೀಲಾ ರಾತ್ರಿಯ ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದಳು. ಎರಡು ಪಾವು ಬಿದ್ದ ಸದ್ದು ಕೇಳಿಸಿತು. ತುಸು ತಡೆದು, ಇನ್ನೊಂದು.