ನಿಂತುಹೋದ ಮುಖ

ಪಠ್ಯಪುಸ್ತಕ ಪ್ರಕಟಿಸುವ ಒಂದು ಸಂಸ್ಥೆಗಾಗಿ ಅವರು ನಾಲ್ವರು ತಮ್ಮ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಹಿರಿಯಳು ಕರಡು ತಿದ್ದುವವಳು, ಎಲ್ಲರಿಗೂ ಅಕ್ಕ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಿದ್ದಳು. ಅವಳ ಇಂಟರ್ನೆಟ್ ಮಾತ್ರ ದೇವರಿಗೇ ಪ್ರೀತಿ. ಮೀಟಿಂಗಿನ ನಡುವೆ ಅವಳ ಮುಖ ಸ್ಕ್ರೀನಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು, ಬಾಯಿ ಅರ್ಧ ತೆರೆದಂತೆ.

"ಅಕ್ಕ ಫೋಟೋ ಆದ್ರು," ಎಂದು ಚಿತ್ರಕಾರ ನಗಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳು ವಾಪಸು ಬಂದು, "ಎಲ್ಲೀವರೆಗೆ ಕೇಳಿಸ್ತು?" ಎನ್ನುತ್ತಿದ್ದಳು.

ಆ ಮಧ್ಯಾಹ್ನ ಭೂಗೋಳದ ಪುಸ್ತಕದ ನಕ್ಷೆಗಳ ಮಾತು ನಡೆದಿತ್ತು. "ಹೊಸ ಲೈನ್ ಹಾಕ್ಸಿದೀನಿ, ಇನ್ಮೇಲೆ ನಿಮ್ಮ ತಮಾಷೆ ನಡೆಯಲ್ಲ," ಎಂದು ಅಕ್ಕ ಮೊದಲೇ ಹೇಳಿದ್ದಳು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. "ಈ ನದಿ ಹೆಸರು..." ಎಂದವಳು ಅಲ್ಲಿಗೇ ನಿಂತಳು.

"ಹೊಸ ಲೈನಿಗೂ ಹಳೇ ಚಾಳಿ," ಎಂದ ಚಿತ್ರಕಾರ. ಎಲ್ಲರೂ ನಕ್ಕರು. ಸಂಪಾದಕಿ ಮುಂದಿನ ನಕ್ಷೆ ತೆರೆದಳು.

ಪುಟ ಜೋಡಿಸುವವನು ಕೂಡ ನಕ್ಕಿದ್ದ. ಆಮೇಲೆ ಯಾಕೋ ಮತ್ತೆ ಅಕ್ಕನತ್ತ ನೋಡಿದ. ಅವಳ ಹಿಂದೆ ಕಿಟಕಿಯ ಪರದೆ ಗಾಳಿಗೆ ಉಬ್ಬಿ ಅವಳ ಭುಜಕ್ಕೆ ತಾಗಿತು, ಹಿಂದೆ ಸರಿಯಿತು, ಮತ್ತೆ ತಾಗಿತು. ಅವಳು ತಿರುಗಲಿಲ್ಲ.

ಅವನು ಸ್ಕ್ರೀನಿನತ್ತ ಬಾಗಿದ. "ಅಕ್ಕನ ನೆಟ್ ಹೋಗಿಲ್ಲ," ಎಂದ. "ಪರದೆ ಅಲ್ಲಾಡ್ತಿದೆ, ನೋಡಿ."

ಸಂಪಾದಕಿ ಅವಳ ಮೊಬೈಲಿಗೆ ಕರೆ ಮಾಡಿದಳು. ಆ ಕರೆ ಅಕ್ಕನ ಕೋಣೆಯಲ್ಲೇ ರಿಂಗಾಗುತ್ತಿರುವುದು ಎಲ್ಲರಿಗೂ ಕೇಳಿಸಿತು. ಅವಳು ಕೈ ಎತ್ತಲಿಲ್ಲ. ತುಟಿಯ ಒಂದು ಬದಿ ನಿಧಾನಕ್ಕೆ ಜೋತುಬೀಳುತ್ತಿತ್ತು.

ವರ್ಷಗಟ್ಟಲೆ ದಿನವೂ ಮುಖ ನೋಡಿದವರಿಗೆ ಅವಳ ಮನೆ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಸಂಪಾದಕಿ ಆಫೀಸಿನಿಂದ ವಿಳಾಸ ಕೇಳಿ ತೆಗೆದು ಆಂಬುಲೆನ್ಸಿಗೆ ಹೇಳಿದಳು. ಮನೆ ಹತ್ತಿರವೇ ಎಂದು ತಿಳಿದು ಚಿತ್ರಕಾರ ಎದ್ದೋಡಿದ. ಪುಟ ಜೋಡಿಸುವವನು ಮಾತ್ರ ಆ ಮುಖದ ಮುಂದೆ ಕೂತು, "ಅಕ್ಕಾ, ಬರ್ತಿದಾರೆ. ಹೆದರ್ಬೇಡ," ಎಂದು ಹೇಳುತ್ತಲೇ ಇದ್ದ. ಕೊನೆಗೆ ಬಾಗಿಲು ಒಡೆದ ಸದ್ದಾಯಿತು. ಚಿತ್ರಕಾರ ಅವಳ ಹಿಂದಿನಿಂದ ಬಂದು ಅವಳನ್ನು ಹಿಡಿದುಕೊಂಡ.

ಅಕ್ಕ ಬದುಕಿದಳು. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿತು, ನಾಲಿಗೆ ತೊದಲಿತು. ಪುಟ ಜೋಡಿಸುವವನು ನೋಡಲು ಹೋದಾಗ ಅವಳ ತಂಗಿ ಕುರ್ಚಿ ಹಾಕಿ ಒಳಗೆ ಹೋದಳು. ಅಕ್ಕ ಒಂದೊಂದೇ ಮಾತನ್ನು ಎತ್ತಿಟ್ಟಳು.

"ನಂಗೆ... ಎಲ್ಲಾ ಕೇಳಿಸ್ತಿತ್ತು."

"ನಾನು ಕರೆದಿದ್ದಾ ಅಕ್ಕಾ?"

"ಅದೂ. ಅದಕ್ಕಿಂತ... ಮುಂಚಿನದೂ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವನು ಅವಳ ಎಡಗೈ ಹಿಡಿದು ಕೂತ.

ಆಮೇಲೆ ಅವನಿಗೆ ಮನೆಯ ಮೇಜಿನ ಮುಂದೆ ಕೂರಲಾಗಲಿಲ್ಲ. ಯಾರ ಚಿತ್ರ ನಿಂತರೂ ಅವರ ಮನೆಗೆ ಕರೆ ಮಾಡುತ್ತಿದ್ದ. ಮೊದಮೊದಲು ಸುಮ್ಮನಿದ್ದವರು ಬರಬರುತ್ತ ಸಿಡುಕಿದರು. ಕಡೆಗೆ ಹತ್ತಾರು ಜನ ಒಟ್ಟಿಗೆ ಕೂತು ದುಡಿಯುವ ಬಾಡಿಗೆ ಹಾಲಿನಲ್ಲಿ ಒಂದು ಜಾಗ ಹಿಡಿದ. ಅಲ್ಲಿ ಪಕ್ಕದಲ್ಲಿ ಲೆಕ್ಕಪತ್ರ ನೋಡುವವನೊಬ್ಬ ಇದ್ದ. ಒಂದು ದಿನ ಆತ ಕೀಲಿಮಣೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಮಿಸುಕದೆ ಕೂತಿದ್ದ. ಇವನು ಕೈಚಾಚಿ ಅವನ ಭುಜ ಮುಟ್ಟಿದ.

ಆತ ಬೆಚ್ಚಿ ತಿರುಗಿದ. "ಏನ್ ಸಾರ್?"

"ಏನಿಲ್ಲ," ಎಂದ ಇವನು. ಕೈ ಮಾತ್ರ ತಕ್ಷಣ ತೆಗೆಯಲಾಗಲಿಲ್ಲ.